ಜಿಪ್ಸಿಯ ಬುಷ್ಷು, ಅಪ್ಪಯ್ಯನ ಕೈ

ಬುಷ್ ಅಂದ ಕೂಡ್ಲೇ ಅಮೆರಿಕ ನೆನಪಾಗೋರು ಕ್ಷಮಿಸಬೇಕು. ಇದು ಅಪ್ಪ ಬುಷ್ಷೂ ಅಲ್ಲ, ಮಗ ಬುಷ್ಷೂ ಅಲ್ಲ. ಗಾಡಿಯ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಎರಡು ಕಬ್ಬಿಣಗಳ ಮಧ್ಯೆ ಕೂತು ಹಗಲೂ ರಾತ್ರಿ ಒದೆ ತಿನ್ನೋ ರಬ್ಬರ್ ತುಂಡು. ನಡುವೆ ತೂತಿರೋ ಪುಟ್ಟ ಟೋಪಿ ಥರ ಇರುತ್ತೆ. ಒಂದು ಕಡೆಯಿಂದ ಒಂದು ಟೋಪಿ, ಇನ್ನೊಂದು ಕಡೆಯಿಂದ ಇನ್ನೊಂದು ಟೋಪಿ ತುರುಕಿ, ಮಧ್ಯೆ ಬೋಲ್ಟ್ ಹಾಕಿ ಬಿಗಿದರೆ ಆಯ್ತು, ಒಂದು ಬುಷ್ಷು. ನಮ್ಮ ಜಿಪ್ಸಿಗೆ ಇಂಥ 24 ಅರ್ಧ ತುಂಡುಗಳು ಬೇಕು. ಅಷ್ಟಕ್ಕೂ ಸೇರಿ ನಾನು ಕೊಟ್ಟಿದ್ದು ಒಂದೂವರೆ ಸಾವಿರದ ಆಸುಪಾಸು. ಬೆಂಗಳೂರಲ್ಲಿ ಇಬ್ಬರು ಒಂದು ಸಿನಿಮಾ ನೋಡಿ, ಊಟ ಮಾಡಿಕೊಂಡು ಬರೋ ದುಡ್ಡು.

ಈ ತುಂಡುಗಳಿಗಿಂತ ಮುಂಚೆ ಆ ಗಾಡಿಗೆ ಏನೇನು ಹಾಕಿಸಿದ್ರು, ಯಾರ್ಯಾರು ಏನೇನು ಹೇಳಿದ್ರು ಅನ್ನೋದು ದೊಡ್ಡ ಕತೆ. ಅದಕ್ಕೇ ಇಷ್ಟುದ್ದ ಬರೀತಿರೋದು.

ನಮ್ಮದು 1998ರ ಜಿಪ್ಸಿ ಕಿಂಗ್. ಹಾರ್ಡ್ ಟಾಪು, ಕಾರ್ಬೊರೇಟರ್ ಎಂಜಿನ್ನು. 2004ರಲ್ಲಿ ಅಪ್ಪಯ್ಯ ಒಂದು ಕಾಫಿ ಎಸ್ಟೇಟಿನವರಿಂದ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದ. ಕೊಪ್ಪದ ಕಡೆಯ ನಮ್ಮ ಮನೆಗೆ ಟಾರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಮಣ್ಣು ದಾರಿ. ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ. ಮಳೆಗಾಲದಲ್ಲಿ ಆ ದಾರಿ ಹತ್ತೋಕೆ ನಾಲ್ಕೂ ಚಕ್ರಕ್ಕೆ ಎಂಜಿನ್ ಕೊಡೋ ಗಾಡಿಯೇ ಬೇಕು. ಹಂಗಾಗಿ ಅದು ಬರೀ ನಮ್ಮ ಮನೆ ಗಾಡಿ ಅಲ್ಲ. ಹೆರಿಗೆಗೆ ಹೋದವರು, ಹಾವು ಕಚ್ಚಿಸಿಕೊಂಡವರು, ಶಾಲೆಯ ವಾರ್ಷಿಕೋತ್ಸವದ ಮೈಕ್ ಸೆಟ್ಟು, ಸತ್ಯನಾರಾಯಣ ಪೂಜೆಯ ಪಾತ್ರೆ, ಎಲ್ಲ ಅದರ ಹಿಂದಿನ ಅಡ್ಡ ಸೀಟಲ್ಲೇ ಬಂದು ಹೋಗಿದ್ದು.

ಮಾರುತಿಯವರು ಜಿಪ್ಸಿ ತಂದಿದ್ದು 1985ರಲ್ಲಿ, 970 ಸಿಸಿ ಎಂಜಿನ್ನಿನ ಜೊತೆ. 1996ರಲ್ಲಿ 1298 ಸಿಸಿಯ ಕಿಂಗ್ ಬಂತು. 2019ರಲ್ಲಿ ತಯಾರಿಸೋದೇ ನಿಲ್ಲಿಸಿದ್ರು. ಈ ಮಧ್ಯೆ ಎಂಜಿನ್ನು ಬದಲಾಯ್ತು, ಅಗಲ ಬದಲಾಯ್ತು, ಕಾರ್ಬೊರೇಟರ್ ಹೋಗಿ ಇಂಜೆಕ್ಷನ್ ಬಂತು. ಆದ್ರೆ ಹಿಂದೆ ಮುಂದೆ ಎರಡೂ ಕಡೆ ಲೀಫ್ ಸ್ಪ್ರಿಂಗು, ಅದೊಂದು ಮಾತ್ರ ಕೊನೇವರೆಗೂ ಹಂಗೇ ಇತ್ತು. ಲಾರಿಗೆ ಇರುತ್ತಲ್ಲ, ಒಂದರ ಮೇಲೊಂದು ಪಟ್ಟಿ ಜೋಡಿಸಿ ಬಿಲ್ಲಿನ ಥರ ಬಗ್ಗಿಸಿದ್ದು, ಅದೇ.

ಇಲ್ಲಿ ಸ್ವಲ್ಪ ಮೇಷ್ಟ್ರಗಿರಿ ಮಾಡ್ತೀನಿ, ತಡ್ಕೊಳ್ಳಿ. ಈಗಿನ ಕಾರುಗಳಲ್ಲಿ ಭಾರ ಹೊರೋಕೆ ಸುರುಳಿ ಸ್ಪ್ರಿಂಗು, ಚಕ್ರ ಹಿಂದೆ ಮುಂದೆ ಓಡದ ಹಾಗೆ ಹಿಡ್ಕೊಳ್ಳೋಕೆ ಬೇರೆ ತೋಳುಗಳು. ಕೆಲಸ ಹಂಚಿಕೆ ಇದೆ. ಜಿಪ್ಸಿಯಲ್ಲಿ ಹಂಗಿಲ್ಲ. ಭಾರ ಹೊರೋದೂ ಅದೇ ಪಟ್ಟಿ, ಆಕ್ಸಲ್ಲನ್ನ ಜಾಗದಲ್ಲಿ ಹಿಡಿದಿಡೋದೂ ಅದೇ ಪಟ್ಟಿ. ಅದರ ಒಂದು ತುದಿಯ ಕಣ್ಣು ಚಾಸಿಗೆ ಒಂದೇ ಜಾಗದಲ್ಲಿ ಬೋಲ್ಟ್ ಆಗಿರುತ್ತೆ. ಇನ್ನೊಂದು ತುದಿ ಶಾಕಲ್ ಅನ್ನೋ ಎರಡು ಪಟ್ಟಿಗಳ ಉಯ್ಯಾಲೆಯಲ್ಲಿ ತೂಗ್ತಿರುತ್ತೆ. ಯಾಕಂದ್ರೆ ಗುಂಡಿಗೆ ಬಿದ್ದಾಗ ಬಿಲ್ಲು ನೇರ ಆಗಿ ಉದ್ದ ಆಗುತ್ತೆ, ಆ ಉದ್ದಕ್ಕೆ ಎಲ್ಲಾದ್ರೂ ಜಾಗ ಬೇಕಲ್ಲ. ಈ ಕಣ್ಣುಗಳ ಒಳಗೆ ಕೂತಿರೋದು ನಮ್ಮ ಬುಷ್ಷು. ಸ್ಪ್ರಿಂಗು ಮೇಲೆ ಕೆಳಗೆ ಆಡೋವಾಗ ಅದು ತಿರುಚಿಕೊಳ್ಳಬೇಕು. ಆದ್ರೆ ಬ್ರೇಕ್ ಹೊಡೆದಾಗ ಆಕ್ಸಲ್ ಹಿಂದಕ್ಕೆ ಜಗ್ಗೋದನ್ನ ತಡೆದೂ ನಿಲ್ಲಬೇಕು. ಬಗ್ಗೂ ಬೇಕು, ಬಿಡಲೂಬಾರದು. ಮಲೆನಾಡಿನ ಹಳೇ ಮನೆಯ ಸೊಸೆಯ ಕೆಲಸ!

ಆ ರಬ್ಬರ್ ಸವೆದು ಕಣ್ಣಿನೊಳಗೆ ಜಾಗ ಆಯ್ತು ಅಂತಿಟ್ಕೊಳ್ಳಿ. ಸುಮ್ನೆ ಹೋಗ್ತಿರುವಾಗ ಗೊತ್ತೇ ಆಗಲ್ಲ. ಬ್ರೇಕ್ ಒತ್ತಿದ್ರೆ ಮಾತ್ರ ಆಕ್ಸಲ್ಲು ಸವೆದ ಕಡೆ ನಾಲ್ಕೈದು ಮಿಲಿಮೀಟರ್ ಹಿಂದೆ ಸರಿಯುತ್ತೆ, ಸವೆಯದ ಕಡೆ ನಿಂತಲ್ಲೇ ನಿಲ್ಲುತ್ತೆ. ಅಂದ್ರೆ ಆಕ್ಸಲ್ಲೇ ಓರೆ ಆಯ್ತು. ಸ್ಟೀರಿಂಗ್ ಬಾಕ್ಸು ನಾವು ಕೈಯಲ್ಲಿ ತಿರುಗಿಸಿದ್ದನ್ನ ಹತ್ತಾರು ಪಟ್ಟು ಕಮ್ಮಿ ಮಾಡಿ ಚಕ್ರಕ್ಕೆ ಕೊಡುತ್ತೆ. ಇಲ್ಲಿ ಚಕ್ರವೇ ತಾನಾಗಿ ಅರ್ಧ ಡಿಗ್ರಿ ಓರೆ ಆದ್ರೆ, ಅದನ್ನ ನೇರ ಮಾಡೋಕೆ ಕೈಗೆ ಅದರ ಹತ್ತಾರು ಪಟ್ಟು ಕೆಲಸ. ಬ್ರೇಕ್ ಬಿಟ್ಟ ಕೂಡ್ಲೇ ಆಕ್ಸಲ್ಲು ವಾಪಸ್ ಬರುತ್ತೆ, ಆಗ ನೀವು ತಿರುಗಿಸಿದ್ದು ಜಾಸ್ತಿ ಆಗಿ ಗಾಡಿ ಇನ್ನೊಂದು ಕಡೆ ಓಡುತ್ತೆ. ಓಡಿಸೋರು ಎಡಕ್ಕೆ ಬಲಕ್ಕೆ ತಿದ್ದುತ್ತಾ ಕೂರಬೇಕು. ಪಕ್ಕದಲ್ಲಿ ಕೂತೋರಿಗೆ ಏನು ಕಾಣುತ್ತೆ? ಸ್ಟೀರಿಂಗ್ ಹಿಡಿದ ಕೈ ನಡುಗಿದ ಹಾಗೆ ಕಾಣುತ್ತೆ.

ವಿಷಯ ಬಂದಿದ್ದೇ ಇಲ್ಲಿಗೆ.

ಕಳೆದ ದೀಪಾವಳಿ ಮುಗಿದ ಮೇಲೆ ಒಂದಿನ ಅಮ್ಮ ಫೋನಲ್ಲಿ ಮಾತಾಡ್ತಾ ಮಾತಾಡ್ತಾ ಸ್ವರ ತಗ್ಗಿಸಿದ್ಲು. "ಅಪ್ಪಯ್ಯ ಗಾಡಿ ಬಿಡ್ತಾ ಇಲ್ಲ ಕಣೋ. ತಿಂಗಳಾಯ್ತು. ಪೇಟೆಗೆ ಹೋಗ್ಬೇಕಾದ್ರೆ ಆಚೆಮನೆ ಹುಡುಗನ್ನ ಕರೀತಾನೆ. ಕೈ ನಡುಗ್ತದಂತೆ, ಮಣಿಪಾಲಕ್ಕೆ ಹೋಗಿ ತೋರಿಸ್ಬೇಕು ಅಂತಾನೆ. ನಾನು ಹೇಳ್ದೆ ಅಂತ ಹೇಳ್ಬೇಡ."

ಅಪ್ಪಯ್ಯನಿಗೆ ಎಪ್ಪತ್ಮೂರು. ಈ ಮನುಷ್ಯ ಜ್ವರ ಬಂದ್ರೆ ಕಷಾಯ ಕುಡಿದು ತೋಟಕ್ಕೆ ಹೋಗೋನು. ತಾನಾಗಿ ಡಾಕ್ಟ್ರ ಹತ್ರ ಹೋಗ್ಬೇಕು ಅಂದ್ರೆ ಒಳಗೆ ಎಷ್ಟು ಹೆದರಿರಬೇಕು ಅಂತ ನಂಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಡುಕ ಅಂದ್ರೆ ನಮ್ಮ ಮನೇಲಿ ಎಲ್ಲರಿಗೂ ದೊಡ್ಡಪ್ಪನ ನೆನಪು. ಅವರು ಕೊನೆಯ ಆರು ವರ್ಷ ತುತ್ತು ಬಾಯಿಗೆ ಇಟ್ಕೊಳ್ಳೋಕಾಗದೆ ಇದ್ದವರು. ಆ ಹೆಸರು ಯಾರೂ ಹೇಳಲಿಲ್ಲ. ಹೇಳದೇ ಇದ್ರೂ ಎಲ್ಲರ ತಲೇಲೂ ಅದೇ ಇತ್ತು.

ಶುಕ್ರವಾರ ರಾತ್ರಿ ಬಸ್ಸು ಹತ್ತಿ ಹೋದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ನೋಡ್ದೆ, ಕೈ ನೆಟ್ಟಗಿತ್ತು. ಹತ್ತು ಗಂಟೆಗೆ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಿದ್ದ. ಮೆಟ್ಟುಗತ್ತಿ ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ಅದು ಕಾಲಲ್ಲಿ ಮೆಟ್ಟಿ ಹಿಡ್ಕೊಳ್ಳೋ ಕತ್ತಿ. ಅಡಿಕೆ ಹಿಡಿದ ಎರಡೂ ಕೈಯನ್ನ ಅದರ ಮೊನೆಗೆ ತಗೊಂಡು ಹೋಗ್ಬೇಕು. ಕೈ ಒಂದು ಗೆರೆ ಆಚೀಚೆ ಆದ್ರೆ ಅಡಿಕೆ ಬದಲು ಬೆರಳು ಸುಲಿಯುತ್ತೆ. ಅಪ್ಪಯ್ಯ ಪಟಪಟ ಅಂತ ಸುಲೀತಾ ಇದ್ದ, ನನ್ನ ಹತ್ರ ಮಾತೂ ಆಡ್ತಾ.

"ಅಪ್ಪಯ್ಯ, ನಡುಗೋ ಕೈಯಲ್ಲಿ ಇದೆಲ್ಲ ಆಗ್ತದಾ?" ಅಂದೆ.

ಕತ್ತಿ ನಿಂತಿತು. "ನಿನ್ನ ಅಮ್ಮ ಹೇಳಿದ್ಲಾ?" ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಡೀಲಿ ಕೂತ್ರೆ ಮಾತ್ರ ಮಾರಾಯ. ಇಳುಕಲಲ್ಲಿ ಬ್ರೇಕ್ ಹಿಡಿದ್ರೆ ಕೈ ನಿಲ್ತಾ ಇಲ್ಲ. ಹೋದ ತಿಂಗಳು ಕೆಳಗಿನ ತಿರುವಲ್ಲಿ ಹಳ್ಳದ ಕಡೆ ಹೋಗೇ ಬಿಟ್ಟಿತ್ತು. ಅಮ್ಮ ಪಕ್ಕದಲ್ಲಿದ್ಲು. ಅವತ್ತೇ ಕೀ ಮೊಳೆಗೆ ಸಿಕ್ಕಿಸ್ದೆ" ಅಂದ.

ಅದಕ್ಕಿಂತ ಮುಂಚಿನ ಕತೆ ಆಮೇಲೆ ಒಂದೊಂದಾಗಿ ಹೊರಗೆ ಬಂತು. ಆರು ತಿಂಗಳಿಂದ ಪೇಟೆಯ ಒಂದು ದೊಡ್ಡ ಗ್ಯಾರೇಜಿಗೆ ಗಾಡಿ ಹೋಗಿ ಬರ್ತಾ ಇತ್ತು. ಟೈ ರಾಡ್ ಎಂಡುಗಳನ್ನ ಬದಲಾಯಿಸಿದ್ರು. ಮೂರು ಸಲ ಅಲೈನ್‌ಮೆಂಟು ಮಾಡಿದ್ರು. ನಾಲ್ಕೂ ಶಾಕ್ ಅಬ್ಸಾರ್ಬರ್ ಹೊಸದು. ಸ್ಟೀರಿಂಗ್ ಬಾಕ್ಸ್ ಬಿಚ್ಚಬೇಕು ಅಂತ ಒಂದು ಸಲ, ಬೇಡ ಅಂತ ಇನ್ನೊಂದು ಸಲ. ಬಿಲ್ಲುಗಳನ್ನ ಅಪ್ಪಯ್ಯ ಪಂಚಾಂಗದ ಒಳಗೆ ಇಟ್ಟಿದ್ದ, ಕೂಡಿಸಿದ್ರೆ ಹತ್ತೊಂಬತ್ತು ಸಾವಿರ ಚಿಲ್ಲರೆ. ಕೊನೆಗೆ ಅಲ್ಲಿಯ ಒಬ್ಬ ಹುಡುಗ ಟ್ರಯಲ್ ನೋಡಿ ಬಂದು, "ಅಜ್ಜಾ, ಗಾಡಿ ಸರಿಯುಂಟು. ನಿಮ್ಗೆ ವಯಸ್ಸಾಯ್ತು, ಕೈ ನಿಲ್ಲೂದಿಲ್ಲ ಅಷ್ಟೇ" ಅಂದನಂತೆ. ಅವನು ಟ್ರಯಲ್ ನೋಡಿದ್ದು ಪೇಟೆಯ ಸಪಾಟು ಟಾರು ರಸ್ತೆಯಲ್ಲಿ, ಇಪ್ಪತ್ತರ ಸ್ಪೀಡಲ್ಲಿ. ಇಪ್ಪತ್ತರಲ್ಲಿ ಎಂಥ ಬುಷ್ಷೂ ಸುಮ್ಮನಿರುತ್ತೆ ಸ್ವಾಮಿ!

ನಂಗೆ ಇಡೀ ವಿಷಯದಲ್ಲಿ ಸಿಟ್ಟು ಬಂದಿದ್ದು ಹತ್ತೊಂಬತ್ತು ಸಾವಿರಕ್ಕಲ್ಲ, ಆ ಒಂದು ಮಾತಿಗೆ. ವಯಸ್ಸಾದೋರಿಗೆ ಹಂಗೆ ಹೇಳಿದ್ರೆ ಅವರು ನಂಬ್ತಾರೆ. ಅಪ್ಪಯ್ಯ ನಂಬಿದ್ದ.

ಮಧ್ಯಾಹ್ನ ಊಟ ಆದ್ಮೇಲೆ ನಾನು ಗಾಡಿ ತಗೊಂಡು ಟಾರು ರಸ್ತೆವರೆಗೆ ಹೋದೆ. ನಲವತ್ತರ ಸ್ಪೀಡಲ್ಲಿ, ಮೂರನೇ ಗೇರಲ್ಲಿ ಬ್ರೇಕ್ ಒತ್ತಿದೆ. ಮೂತಿ ಎಡಕ್ಕೆ ಎಳೀತು, ಬಿಟ್ಟ ಕೂಡ್ಲೇ ಕೆಳಗೆಲ್ಲೋ ಠಕ್ ಅಂತು, ಬಲಕ್ಕೆ ಓಡ್ತು. ಮತ್ತೆ ಒತ್ತಿದೆ, ಮತ್ತೆ ಠಕ್. ನನಗೆ ಮೂವತ್ತೊಂಬತ್ತು ವರ್ಷ, ನನ್ನ ಕೈಯೂ ಅಪ್ಪಯ್ಯನ ಕೈಯಷ್ಟೇ ನಡುಗಿತು :)

ಮನೆಗೆ ಬಂದು ಅಂಗಳದ ಸಪಾಟು ಜಾಗದಲ್ಲಿ ನಿಲ್ಲಿಸಿ ಅಪ್ಪಯ್ಯನನ್ನೇ ಡ್ರೈವರ್ ಸೀಟಲ್ಲಿ ಕೂರಿಸಿದೆ. ಎಂಜಿನ್ ಚಾಲು. ಬ್ರೇಕ್ ಗಟ್ಟಿ ಒತ್ತಿ ಹಿಡ್ಕೊಂಡು, ಒಂದನೇ ಗೇರಲ್ಲಿ ಕ್ಲಚ್ ಚೂರೇ ಚೂರು ಬಿಡೋದು, ಆಮೇಲೆ ರಿವರ್ಸಲ್ಲಿ ಹಂಗೇ. ಗಾಡಿ ಕದಲೋ ಹಾಗಿಲ್ಲ, ಬರೀ ಎಳೀಬೇಕು. ನೋಡೋರು ಗಾಡಿಯ ಮುಂದೆಯೂ ನಿಲ್ಲಬಾರದು, ಹಿಂದೆಯೂ ನಿಲ್ಲಬಾರದು, ಪಕ್ಕದಲ್ಲಿ ಕೂತು ನೋಡ್ಬೇಕು. ನಾನು ಎಡ ಮುಂದಿನ ಚಕ್ರದ ಪಕ್ಕ ಕೂತು, ಟಾರ್ಚ್ ಬಿಟ್ಟು ಸ್ಪ್ರಿಂಗಿನ ಹಿಂದಿನ ಕಣ್ಣನ್ನ ನೋಡ್ತಾ ಇದ್ದೆ. ಜಿಪ್ಸಿಯ ಮುಂದಿನ ಸ್ಪ್ರಿಂಗಿಗೆ ಶಾಕಲ್ ಇರೋದು ಮುಂದಿನ ತುದಿಗೆ, ಚಾಸಿಗೆ ಗಟ್ಟಿ ಕೂತಿರೋದು ಹಿಂದಿನ ತುದಿ. ಆಕ್ಸಲ್ಲನ್ನ ನಿಜವಾಗಿ ಹಿಡಿದಿಡೋದು ಈ ಹಿಂದಿನ ಕಣ್ಣೇ.

ಗೇರ್ ಬದಲಾಗೋವಾಗೆಲ್ಲ ಇಡೀ ಕಣ್ಣು ಬೋಲ್ಟಿನ ಮೇಲೆ ಹಿಂದೆ ಮುಂದೆ ಜಾರ್ತಾ ಇತ್ತು. ಐದು ಮಿಲಿಮೀಟರ್ ಆದ್ರೂ ಇರಬಹುದು. ಒಂದು ಬದಿ ರಬ್ಬರೇ ಇಲ್ಲ. ಬೋಲ್ಟು ಕಬ್ಬಿಣಕ್ಕೆ ಉಜ್ಜಿ ಬೆಳ್ಳಗೆ ಹೊಳೀತಿತ್ತು. ಬಲ ಚಕ್ರದ ಕಡೆ ಹೋಗಿ ನೋಡಿದ್ರೆ ಅಲ್ಲಿ ಕಣ್ಣು ಕದಲ್ತಾ ಇರಲಿಲ್ಲ.

"ಅಪ್ಪಯ್ಯ, ಇಳಿ. ಇಲ್ಲಿ ಬಾ. ನಾನು ಮೇಲೆ ಕೂರ್ತೀನಿ, ನೀನು ನೋಡು."

ಅಪ್ಪಯ್ಯ ಕಂಬಳಿ ಹಾಸಿಕೊಂಡು ಕೂತು ಬಗ್ಗಿ ನೋಡಿದ. ನಾನು ಗೇರ್ ಹಾಕಿ ಎಳೆಸಿದೆ, ಠಕ್, ಮತ್ತೆ ಎಳೆಸಿದೆ, ಠಕ್. ಕೆಳಗಿಂದ ಮಾತೇ ಇಲ್ಲ. ನಾಲ್ಕೈದು ಸಲ ಆದ್ಮೇಲೆ, "ಇನ್ನೊಂದ್ಸಲ ಮಾಡು" ಅಂದ. ಇನ್ನೊಂದ್ಸಲ ಮಾಡಿದೆ. "ಇನ್ನೊಂದ್ಸಲ." ನೋಡೋದು ಮುಗಿದು ಯಾವಾಗಲೋ ಆಗಿತ್ತು, ನಂಗೆ ಗೊತ್ತಿತ್ತು. ಆದ್ರೂ ಕೇಳಿದಷ್ಟು ಸಲ ಮಾಡಿದೆ.

ಎಡಗಡೆಯದೇ ಯಾಕೆ ಹೋಯ್ತು ಅನ್ನೋದಕ್ಕೆ ಎರಡು ಕಾರಣ. ನಮ್ಮ ದಾರಿಯ ಒಂದು ಬದಿ ಮಳೆನೀರು ಕೊರೆದು ಚರಂಡಿ ಆಗಿದೆ, ತುಂಬಿದ ಗಾಡಿ ಇಳಿಯೋವಾಗ ಎಡಚಕ್ರ ಯಾವಾಗ್ಲೂ ಅದರಲ್ಲೇ. ಎರಡನೇದು, ಎಂಜಿನ್ನಿಂದ ಆಯಿಲ್ ತೊಟ್ಟಿಕ್ಕಿ ಆ ಕಡೆಗೇ ಹರಿದಿತ್ತು. ರಬ್ಬರಿಗೆ ನೀರು ಅಷ್ಟೇನೂ ಮಾಡಲ್ಲ, ಖನಿಜ ಎಣ್ಣೆ ತಾಗಿದ್ರೆ ಮಾತ್ರ ಊದಿ, ಮೆತ್ತಗಾಗಿ, ಹುಡಿಹುಡಿ ಆಗುತ್ತೆ. ಜೊತೆಗೆ ನಮ್ಮ ಕೆಂಪು ಮಣ್ಣು ಸೇರಿ ಅರೆದರೆ ಕೇಳೋದೇ ಬೇಡ, ಒರಳಿಗೆ ಹಾಕಿದ ಹಾಗೆ.

ಮುಂದಿನ ವಾರ ಬೆಂಗಳೂರಲ್ಲಿ ಜೆ.ಸಿ. ರಸ್ತೆಗೆ ಹೋದೆ. ಕಲಾಕ್ಷೇತ್ರಕ್ಕೆ ನಾಟಕ ನೋಡೋಕೆ ಹೋಗೋ ನಮ್ಮಂಥೋರಿಗೆ ಆ ರಸ್ತೆಯ ಬಿಡಿಭಾಗದ ಅಂಗಡಿಗಳು ಬೇರೆಯೇ ಲೋಕ. ಫುಟ್‌ಪಾತಲ್ಲಿ ಕಾಲಿಟ್ರೆ ಸಾಕು, "ಏನ್ ಬೇಕು ಸಾರ್, ಯಾವ ಗಾಡಿ ಸಾರ್" ಅಂತ ಮೂರು ಜನ ಹಿಂದೆ ಬರ್ತಾರೆ. ಜಿಪ್ಸಿ ಅಂದ್ರೆ ಮುಖ ಅರಳುತ್ತೆ. ಗಾಡಿ ನಿಂತು ಹೋದ್ರೂ ಬಿಡಿಭಾಗ ಇನ್ನೂ ಸಿಗೋ ಪುಣ್ಯಾತ್ಮ ಅದು.

ಅಂಗಡಿಯವರು ಎರಡು ಥರದ್ದು ಮುಂದಿಟ್ರು. ಒಂದು ಕಪ್ಪು ರಬ್ಬರ್, ಇನ್ನೊಂದು ಕೆಂಪಗೆ ಮಿಂಚೋ ಪಾಲಿಯುರೇಥೇನ್. ಕೆಂಪಿನ ಬೆಲೆ ನಾಲ್ಕು ಪಟ್ಟು. ಆಫ್‌ರೋಡ್ ಹುಡುಗರೆಲ್ಲ ಇದನ್ನೇ ಹಾಕಿಸೋದು ಸಾರ್, ಲೈಫ್ ಲಾಂಗು, ಅಂದ್ರು. ಸುಳ್ಳಲ್ಲ. ಅದು ಎಣ್ಣೆಗೆ ಊದಲ್ಲ, ಬೇಗ ಸವೆಯಲ್ಲ, ಆಕ್ಸಲ್ಲನ್ನ ಬಿಗಿಯಾಗಿ ಹಿಡಿಯುತ್ತೆ. ಆದ್ರೆ ಗಟ್ಟಿ. ರಸ್ತೆಯ ಪ್ರತಿ ಕಲ್ಲನ್ನೂ ನೇರ ಸೊಂಟಕ್ಕೆ ಕಳಿಸುತ್ತೆ. ರಬ್ಬರ್ ಹಂಗೆ ತಿರುಚಿಕೊಳ್ಳಲ್ಲ, ಬೋಲ್ಟಿನ ಮೇಲೆ ಜಾರುತ್ತೆ. ಹಂಗಾಗಿ ಆಗಾಗ ಗ್ರೀಸ್ ಬೇಕು, ಇಲ್ಲಾಂದ್ರೆ ಕಿರ್ ಕಿರ್ ಅಂತ ಹಾಡುತ್ತೆ. ಜಿಪ್ಸಿ ಮೊದಲೇ ಸೊಂಟದ ಶತ್ರು. ಅದರಲ್ಲಿ ಕೂರೋರು ಎಪ್ಪತ್ತು ದಾಟಿದ ಇಬ್ಬರು, ಆಗಾಗ ಯಾರದಾದ್ರೂ ಮನೆಯ ಬಸುರಿ. ನಾನು ಕಪ್ಪು ರಬ್ಬರೇ ತಗೊಂಡೆ. ಕೆಂಪು ತಗೋಬೇಡಿ ಅಂತ ಯಾರಿಗೂ ಹೇಳ್ತಿಲ್ಲ. ಭಾನುವಾರ ಮಾತ್ರ ಗುಡ್ಡ ಹತ್ತೋರಿಗೆ ಅದು ಚೆನ್ನಾಗೇ ಇರುತ್ತೆ.

(ಅಂದಹಾಗೆ, ರಬ್ಬರ್ ನಮಗೆ ದೂರದ್ದೇನಲ್ಲ. ಎನ್.ಆರ್. ಪುರದ ಕಡೆ ಹೋದ್ರೆ ತೋಟಗಳೇ ಇವೆ. ಸುಳ್ಯ, ಪುತ್ತೂರಿನ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯೋರು ಬಹಳಷ್ಟು ಜನ, 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸ್ ಬಂದ ತಮಿಳು ಕುಟುಂಬಗಳವರು. ಅದರ ಬಗ್ಗೆ ಯಾರಾದ್ರೂ ಗೊತ್ತಿರೋರು ಬರೀಬೇಕು.)

ಕೆಲಸಕ್ಕೆ ದೊಡ್ಡ ಗ್ಯಾರೇಜಿಗೆ ಹೋಗಲಿಲ್ಲ. ನಮ್ಮ ಕೈಮರದ ಹತ್ರ ತಗಡಿನ ಶೆಡ್ಡಲ್ಲಿ ಸಾಯ್ಬ್ರು ಒಬ್ಬರಿದ್ದಾರೆ. ಮೂವತ್ತು ವರ್ಷದಿಂದ ಜೀಪು, ಪವರ್ ಟಿಲ್ಲರ್ ರಿಪೇರಿ ಮಾಡೋರು. ಬುಷ್ಷುಗಳನ್ನ ಮೇಜಿನ ಮೇಲೆ ಸುರಿದಾಗ ಒಂದನ್ನ ಎತ್ತಿ ಹಿಸುಕಿ ನೋಡಿದ್ರು. "ಭಟ್ರೇ, ಇದನ್ನ ನೀವು ಆರು ತಿಂಗಳ ಹಿಂದೆ ತಂದಿದ್ರೆ ನಾನು ಒಂದು ದಿವಸದಲ್ಲಿ ಹಾಕಿ ಕೊಡ್ತಿದ್ದೆ" ಅಂದ್ರು ಅಪ್ಪಯ್ಯನಿಗೆ. "ನಿಮ್ಮಲ್ಲಿ ಕಂಪ್ಯೂಟರ್ ಅಲೈನ್‌ಮೆಂಟ್ ಇಲ್ವಲ್ಲ ಸಾಯ್ಬ್ರೆ" ಅಂದ ಅಪ್ಪಯ್ಯ. ಇಬ್ಬರೂ ನಕ್ಕರು.

ಒಂದು ದಿವಸದ ಕೆಲಸ ಎರಡು ದಿನ ಹಿಡೀತು. ತಪ್ಪು ಯಾರದೂ ಅಲ್ಲ, ತುಕ್ಕಿನದು. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಟ್ಟಿದ್ರೂ ಎಡ ಮುಂದಿನ ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ನಟ್ಟು ಬಿಚ್ತು, ಬೋಲ್ಟು ಬರಲಿಲ್ಲ. ಕೊನೆಗೆ ಸಾಯ್ಬ್ರು ಹ್ಯಾಕ್ಸಾ ಬ್ಲೇಡನ್ನ ಬ್ರಾಕೆಟ್ಟಿನ ಸಂದಿಗೆ ತೂರಿಸಿ ಎರಡೂ ಕಡೆ ಕೊಯ್ದು ತೆಗೆದ್ರು. ಒಂದೂವರೆ ಗಂಟೆ. ಗ್ಯಾಸ್ ಹಚ್ಚಿ ಸುಡಬಹುದಿತ್ತು, ಆದ್ರೆ ಪಕ್ಕದಲ್ಲೇ ಬ್ರೇಕ್ ಪೈಪು ಹೋಗುತ್ತೆ. ಅವಸರ ಬೇಡ ಅಂದ್ರು.

ಅವರ ಕ್ರಮ ನೋಡೋಕೆ ಚೆಂದ. ಜಾಕಿ ಕೊಟ್ಟು ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡು. ಅದರ ಪಕ್ಕ ನಂಬಿಕೆಗೆ ಒಂದು ಹಲಸಿನ ದಿಮ್ಮಿ. ಆಕ್ಸಲ್ಲಿನ ಕೆಳಗೆ ಇನ್ನೊಂದು ಜಾಕಿ, ಅದು ಭಾರ ಹೊರೋಕಲ್ಲ, ಆಕ್ಸಲ್ಲನ್ನ ಬೇಕಾದಷ್ಟು ಮೇಲೆ ಕೆಳಗೆ ಮಾಡಿ ತೂತಿಗೆ ತೂತು ಕೂಡಿಸೋಕೆ. ಒಂದು ಸಲಕ್ಕೆ ಒಂದೇ ಸ್ಪ್ರಿಂಗು. ಎರಡೂ ಬಿಚ್ಚಿದ್ರೆ ಆಕ್ಸಲ್ಲು ಜಾಗ ಬಿಟ್ಟು ಓಡುತ್ತೆ, ಆಮೇಲೆ ಅದನ್ನ ಹುಡುಕ್ಕೊಂಡು ಹೋಗ್ಬೇಕು ಅಂದ್ರು. ಹಳೇ ರಬ್ಬರ್ ಕಣ್ಣಿನೊಳಗೆ ಅಂಟಿಕೊಂಡಿದ್ದನ್ನ ಕೆರೆದು, ಮರಳು ಕಾಗದ ಹಾಕಿ ಉಜ್ಜಿ, ಒರೆಸಿ, ಬೆರಳು ಹಾಕಿ ಸುತ್ತ ಸವರಿ ನೋಡಿದ ಮೇಲೇ ಹೊಸದು.

ಹೊಸ ರಬ್ಬರ್ ಬಿಗಿಯಾಗಿರುತ್ತೆ, ಒಣಗಿದ್ದು ಹೋಗಲ್ಲ. ಎಷ್ಟೋ ಕಡೆ ಸವರೋಕೆ ಗ್ರೀಸು ಹಚ್ಚಿಬಿಡ್ತಾರೆ. ರಬ್ಬರಿಗೆ ಎಣ್ಣೆ ಏನು ಮಾಡುತ್ತೆ ಅಂತ ಮೇಲೆ ಹೇಳಿದ್ನಲ್ಲ, ಹೊಸ ಬುಷ್ಷಿಗೆ ಮೊದಲ ದಿನವೇ ವಿಷ ಉಣಿಸಿದ ಹಾಗೆ. ಸೋಪಿನ ನೀರು ಸಾಕು. ಸಾಯ್ಬ್ರ ಹತ್ರ ಅದೂ ಇರಲಿಲ್ಲ, ಒಂದು ಡಬ್ಬದಲ್ಲಿ ಅಂಟುವಾಳ ಕಾಯಿ ನೆನೆಹಾಕಿಟ್ಟಿದ್ರು! ಅದರ ನೊರೆ ಹಚ್ಚಿ ಹೆಬ್ಬೆರಳಲ್ಲಿ ಒತ್ತಿದ್ರೆ ಪುಸಕ್ ಅಂತ ಒಳಗೆ ಹೋಗಿ ಕೂತ್ಕೊಳ್ತಿತ್ತು. ಅಪ್ಪಯ್ಯನೂ ಪ್ಯಾಂಟು ಮಡಚಿ ಕೂತು ನಾಲ್ಕು ತುಂಡು ಒತ್ತಿದ. ತಡೆಯೋಕೆ ಹೋಗಲಿಲ್ಲ.

ಈ ಇಡೀ ಕೆಲಸದಲ್ಲಿ ನೆನಪಿಟ್ಟುಕೊಳ್ಳಬೇಕಾದ ಒಂದೇ ಒಂದು ವಿಷಯ ಇದೆ, ಅದನ್ನ ಬಿಟ್ರೆ ಉಳಿದಿದ್ದೆಲ್ಲ ಬರೀ ಮೈಕೈ ನೋವು. ಗಾಡಿ ಜಾಕಿ ಮೇಲಿದ್ದಾಗ ನಟ್ಟುಗಳನ್ನ ಕೈಯಲ್ಲಿ ತಿರುಗಿಸಿ ಬಿಡಬೇಕು, ಬಿಗೀಬಾರದು. ಚಕ್ರ ಹಾಕಿ, ನೆಲಕ್ಕೆ ಇಳಿಸಿ, ಗಾಡಿ ತನ್ನ ಭಾರದಲ್ಲಿ ತಾನು ಕೂತ ಮೇಲೆ, ಆಗ ಅಡಿಗೆ ನುಸುಳಿ ಬಿಗೀಬೇಕು. ಯಾಕೆ ಅಂತ ಸಾಯ್ಬ್ರು ಒಂದು ಬೈರಾಸು ತಗೊಂಡು ತೋರಿಸಿದ್ರು. ಜಾಕಿ ಮೇಲೆ ಸ್ಪ್ರಿಂಗು ಜೋತುಬಿದ್ದಿರುತ್ತೆ. ಆಗ ಬಿಗಿದ್ರೆ ರಬ್ಬರ್ ಆ ಭಂಗಿಯನ್ನೇ ತನ್ನ ಸಮಸ್ಥಿತಿ ಅಂದ್ಕೊಳ್ಳುತ್ತೆ. ಕೆಳಗಿಳಿಸಿದ ಕೂಡ್ಲೇ ಕಣ್ಣು ತಿರುಗುತ್ತೆ, ರಬ್ಬರ್ ಹಿಂಡಿದ ಬೈರಾಸಿನ ಥರ ತಿರುಚಿಕೊಳ್ಳುತ್ತೆ. ಗಾಡಿ ಶೆಡ್ಡಲ್ಲಿ ಸುಮ್ನೆ ನಿಂತಿದ್ರೂ ಅದು ಹಿಂಡಿಕೊಂಡೇ ಇರುತ್ತೆ. ರಸ್ತೆಗೆ ಹೋದ್ರೆ ಇನ್ನಷ್ಟು ಹಿಂಡಬೇಕು. ಐದಾರು ವರ್ಷ ಬಾಳೋದು ಆರು ತಿಂಗಳಲ್ಲಿ ಹರಿಯುತ್ತೆ. "ಹೆಚ್ಚಿನವ್ರು ಮೇಲೆ ಇದ್ದಾಗ್ಲೇ ಟೈಟ್ ಮಾಡ್ತಾರೆ. ಕೆಳಗೆ ಮಲಗ್ಲಿಕ್ಕೆ ಉದಾಸೀನ" ಅಂದ್ರು ಸಾಯ್ಬ್ರು, ಅಂಗಾತ ಮಲಗಿ ಒಳಗೆ ಜಾರ್ತಾ. ಅರವತ್ತು ದಾಟಿದ ಮನುಷ್ಯ.

ಎರಡನೇ ದಿನ ಸಂಜೆ ನಾಲ್ಕೂವರೆಗೆ ಗಾಡಿ ಸಿದ್ಧ. ನಾನು ಕೀ ತಗೊಳ್ಳೋಕೆ ಕೈ ಚಾಚಿದ್ರೆ ಸಾಯ್ಬ್ರು ನನ್ನನ್ನ ದಾಟಿ ಅಪ್ಪಯ್ಯನ ಕೈಗೆ ಕೊಟ್ರು. ಅವರಿಗೆ ನಾನು ಏನೂ ಹೇಳಿರಲಿಲ್ಲ. ಊರಲ್ಲಿ ಅಂಥದ್ದೆಲ್ಲ ಹೇಳದೆಯೇ ಗೊತ್ತಿರುತ್ತೆ.

ಅಪ್ಪಯ್ಯ ಕೂತ. ನಾನು ಪಕ್ಕದಲ್ಲಿ. ಟಾರು ರಸ್ತೆಯಲ್ಲಿ ಮಾತಿಲ್ಲ. ಮಣ್ಣು ದಾರಿಗೆ ತಿರುಗಿಸಿ ಎರಡನೇ ಗೇರಿಗೆ ಹಾಕಿದ. ಆ ತಿರುವು ಬಂತು, ಎಡಕ್ಕೆ ಹಳ್ಳ. ಬ್ರೇಕ್ ಒತ್ತಿದ. ಗಾಡಿ ನೇರ ನಿಂತಿತು. ತಿರುವು ದಾಟೋ ಬದಲು ಅಲ್ಲೇ ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಕೈ ಸ್ಟೀರಿಂಗ್ ಮೇಲಿಂದ ತೆಗೆದು ಒಂದು ಕ್ಷಣ ನೋಡಿಕೊಂಡ. ಆಮೇಲೆ, "ಆ ಹುಡುಗ ಎಂತ ಹೇಳಿದ್ದ ಗೊತ್ತಾ?" ಅಂದ. ಗೊತ್ತು ಅಂದೆ. "ಹ್ಞೂ" ಅಂದು ಗೇರ್ ಹಾಕಿದ. ಮಣಿಪಾಲದ ಮಾತು ಆಮೇಲೆ ಆ ಮನೇಲಿ ಎದ್ದಿಲ್ಲ.

ಮಾರನೇ ದಿನ ಸೊಸೈಟಿಗೆ ಅಂತ ಒಬ್ಬನೇ ಹೋಗಿ, ಯಾರೂ ಹೇಳದ ಎರಡು ಕೇಜಿ ಸಕ್ಕರೆ ತಂದ. ಅದರ ಮಾರನೇ ದಿನ ಬಾಳೆಕಾಯಿ ಕೊಡೋಕೆ ಅತ್ತೆ ಮನೆಗೆ. ಅಮ್ಮ ಫೋನಲ್ಲಿ ಬೈಯೋ ಸ್ವರದಲ್ಲಿ ಹೇಳಿದ್ಲು, "ಪೆಟ್ರೋಲಿಗೆ ದುಡ್ಡು ಮರದಲ್ಲಿ ಬೆಳೀತದಾ?"

ಎಲ್ಲ ಸರಿಹೋಯ್ತು ಅಂತೇನಲ್ಲ. ಕಣ್ಣಿನ ಪೊರೆ ಇದೆ, ರಾತ್ರಿ ಓಡಿಸಲ್ಲ, ಓಡಿಸಬಾರದು ಕೂಡ. ಈ ಗಾಡಿ ಮಾರಿ ಜಿಮ್ನಿ ತಗೊಳ್ಳಿ, 2023ರಲ್ಲೇ ಬಂದಿದೆ, ಸುರುಳಿ ಸ್ಪ್ರಿಂಗು, ಏಸಿ ಇದೆ ಅಂತ ಭಾವ ಬಂದಾಗೆಲ್ಲ ಹೇಳ್ತಾರೆ. ಅವರು ಹೇಳೋದ್ರಲ್ಲಿ ನ್ಯಾಯ ಇದೆ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂವಲ್ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯ್ತು. ನಮ್ಮದು 2023ರಲ್ಲಿ ಬಂದಾಗ ಅಪ್ಪಯ್ಯ ಅಷ್ಟೂ ಎಣಿಸಿ ಕೊಟ್ಟು ಬಂದ. 2028ರಲ್ಲಿ ಮತ್ತೆ ಬರುತ್ತೆ. ಅಷ್ಟು ಹೊತ್ತಿಗೆ ನೋಡೋಣ ಅಂತಾನೆ.

ಐನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನ ಇನ್ನೊಂದ್ಸಲ ಬಿಗೀಬೇಕು ಅಂದಿದ್ರು ಸಾಯ್ಬ್ರು. ಯುಗಾದಿಗೆ ಹೋದಾಗ ಅದಕ್ಕೇ ಅಂತ ಶೆಡ್ಡಿಗೆ ಹೋಗಿದ್ವಿ. ಅಲ್ಲಿಂದ ಬಂದು ಕೈಕಾಲು ತೊಳೆಯೋಕೆ ಬಾವಿ ಹತ್ರ ಹೋದ್ರೆ, ಪಂಪ್‌ಸೆಟ್ಟಿನ ನಾಲ್ಕು ಕಾಲಿನ ಕೆಳಗೂ ಒಂದೊಂದು ಕಪ್ಪು ಟೋಪಿ. ಹಿಂದಿನ ಸ್ಪ್ರಿಂಗಿಂದ ತೆಗೆದ, ಅಷ್ಟೇನೂ ಸವೆಯದ ತುಂಡುಗಳು. ಇದ್ಯಾವಾಗ ಮಾಡಿದ್ದು ಅಂತ ಕೇಳಿದ್ರೆ, "ಮೋಟರ್ ಭಾರೀ ನಡುಗ್ತಿತ್ತು ಮಾರಾಯ, ಈಗ ಅಡ್ಡಿಲ್ಲ" ಅಂದ ಅಪ್ಪಯ್ಯ. ಉಳಿದ ತುಂಡುಗಳನ್ನ ಒಂದು ಡಬ್ಬಕ್ಕೆ ಹಾಕಿ ಅಟ್ಟದ ಮೇಲೆ ಇಟ್ಟಿದ್ದಾನಂತೆ. ಯಾರಿಗಾದ್ರೂ ಬೇಕಾದ್ರೆ ಹೇಳಿ.